ತವರಿನ ಪಾಲು

ಸುರಪುರದ ಗುಡ್ಡದ ಮಗ್ಗುಲಿನ ಆ ಓಣಿಗೆ ನಳದ ನೀರು ಬರುವುದೆಂದರೆ ಬೀಗರು ಬಂದ ಹಾಗೆ. ಯಾವಾಗ ಬರುತ್ತಾರೆಂದು ಮೊದಲೇ ಹೇಳುವುದಿಲ್ಲ. ಬಂದ ಮೇಲೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದುರು ಹೋಗಬೇಕು. ಸ್ವಲ್ಪ ತಡವಾದರೆ ಮುನಿಸಿಕೊಂಡು ಹೊರಟೇಬಿಡುತ್ತಾರೆ. ಅವತ್ತು ಬೆಳಿಗ್ಗೆ ನಳ ಕೆಮ್ಮಿದ ಸದ್ದು ಕೇಳಿದಾಗ ಪವಿತ್ರಾ ರೊಟ್ಟಿಗೆ ಎಸರಿಟ್ಟಿದ್ದಳು. ಒಲೆ ಆರಿಸಿ, ಕೊಡ, ಬಕೀಟು, ಹಂಡೆ, ಕೊನೆಗೆ ಅನ್ನದ ಕುಕ್ಕರನ್ನೂ ಬಿಡದೆ ಅಂಗಳಕ್ಕೆ ತಂದು ಸಾಲಾಗಿ ಇಟ್ಟಳು. ಅವಳು ತುಂಬಿಸುವುದು, ಮಗಳು ಮೌನಿಕಾ ಒಳಗೆ ಸಾಗಿಸುವುದು. ಗಂಡ ಡಂಬರ ಬಹಾದ್ದೂರ ರಾತ್ರಿಯಿಡೀ ಬಜಾರ ಕಾದು ಬಂದು ಒಳಗೆ ಮಲಗಿದ್ದ. ಅದಕ್ಕೆ ಇಬ್ಬರೂ ಕೊಡಗಳನ್ನು ಕೂಸನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಳಿಸುತ್ತಿದ್ದರು.

ಬಕೀಟು ಅರ್ಧ ತುಂಬಿರಬೇಕು, ಒಳಗೆ ಫೋನು ಬಡಿದುಕೊಂಡಿತು. ಅಪ್ಪ ಎದ್ದುಬಿಟ್ಟಾನೆಂದು ಮೌನಿಕಾ ಓಡಿಹೋಗಿ ಎತ್ತಿ ತಂದಳು.

"ಯವ್ವಾ, ನಿಮ್ಮ ಕಡಿ ಫೋನು."

ನಿಮ್ಮ ಕಡೆ. ನೇಪಾಳದಿಂದ ಫೋನು ಬಂದಾಗಲೆಲ್ಲ ಹುಡುಗಿ ಹಾಗೆಯೇ ಹೇಳುತ್ತಿದ್ದಳು. ನಮ್ಮ ಕಡೆ ಅನ್ನು ಎಂದು ಪವಿತ್ರಾ ಒಂದು ದಿನವೂ ತಿದ್ದಿರಲಿಲ್ಲ. ತಿದ್ದಬೇಕು ಅನ್ನಿಸುತ್ತಿತ್ತು, ಅಷ್ಟರಲ್ಲಿ ಯಾವುದೋ ಕೆಲಸ ಬರುತ್ತಿತ್ತು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಕಿವಿಗಿಟ್ಟರೆ ಆ ಕಡೆ ಕರ್ಣ, ಅವಳ ಒಡಹುಟ್ಟಿದ ಅಣ್ಣ. ಅಛಾಮ್ ಸೀಮೆಯ ಗುಡ್ಡದ ಊರಿನಿಂದ ಮಾತಾಡುತ್ತಿದ್ದ. ನೇಪಾಳಿಯಲ್ಲಿ ಅವನು ಹೇಳಿದ್ದು ಇಷ್ಟು: "ತಂಗೀ, ಈ ಸಲ ಗೌರಾ ಹಬ್ಬಕ್ಕೆ ಬಾ. ಆಮಾನ ಕಣ್ಣು ಮಂಜಾಗಿಬಿಟ್ಟಿದೆ. ಪೂರ್ತಿ ಹೋಗುವುದರೊಳಗೆ ನಿನ್ನನ್ನು ನೋಡಬೇಕಂತೆ. ಮೌನಿಕಾಳನ್ನೂ ಕರೆದುಕೊಂಡು ಬಾ. ಅವಳಿಗೆ ಹದಿನಾರು ತುಂಬಿತಲ್ಲ, ಪೌರತ್ವದ ಕಾಗದ ಮಾಡಿಸಿಬಿಡೋಣ. ಆಮೇಲೆ ಇಲ್ಲೇ ಆಮಾನ ಹತ್ತಿರ ಇದ್ದು ಓದಲಿ. ನಿನ್ನ ಗಂಡನಿಗೆ ಹೇಳಿದ್ದೇನೆ, ಅವನೂ ಹೂಂ ಅಂದಿದ್ದಾನೆ."

ಆಮಾ, ಅಂದರೆ ಅವ್ವ. ಆ ಶಬ್ದ ಕೇಳಿದ ಮೇಲೆ ಉಳಿದದ್ದೆಲ್ಲ ಪವಿತ್ರಾಳಿಗೆ ನೀರಿನ ಸದ್ದಿನಲ್ಲಿ ಕಲಸಿಹೋಯಿತು. ಬಕೀಟು ತುಂಬಿ, ಉಕ್ಕಿ, ಅಂಗಳದ ಹಾಸುಗಲ್ಲಿನ ಮೇಲೆ ಹರಿಯುತ್ತಿತ್ತು.

"ಏ ಪವಿತ್ರಾ, ನೀರು ಗಟಾರಕ್ಕ ಹೊಂಟಾವಲ್ಲ" ಎಂದಳು ಮನೆಯ ಯಜಮಾನಿ ಗೊಲ್ಲಾಳಮ್ಮ, ತನ್ನ ಕಟ್ಟೆಯ ಮೇಲೆ ಕೂತಲ್ಲಿಂದಲೇ. "ಫೋನಿನ್ಯಾಗ ಯಾರು, ಕಲೆಕ್ಟರ್ ಸಾಬ್ರೇನು?"

"ನಮ್ಮ ಅಣ್ಣ ಅದಾನ್ರಿ ಆಯಿ. ಹಬ್ಬಕ್ಕ ಬಾ ಅಂತ ಕರ್ಯಾಕತ್ತಾನ."

ಮುದುಕಿ ಬಾಯಿಗೆ ಹಾಕಿಕೊಳ್ಳಲಿದ್ದ ಎಲೆಯನ್ನು ಕೈಯಲ್ಲೇ ಹಿಡಿದಳು. "ತವರಿನ ಕರಿ ಬಂತಾ? ನಿನಗ? ಹಂಗಾದ್ರ ನೀರು ಹೋದ್ರ ಹೋಗವಲ್ದ್ಯಾಕ ಬಿಡು."

ಮೌನಿಕಾ ತುಂಬಿದ ಬಕೀಟನ್ನು ಎತ್ತಿದಳು. ಕೆಳದುಟಿಯನ್ನು ಹಲ್ಲಿನ ಕೆಳಗೆ ಸೇರಿಸಿಕೊಂಡಿದ್ದಳು. ಅದು ಪವಿತ್ರಾಳ ಕಣ್ಣಿಗೆ ಬಿತ್ತು. ಅವಳ ಮಗಳಿಗೆ ಚಿಕ್ಕಂದಿನಿಂದ ಇದೊಂದು ಚಾಳಿ. ಏನಾದರೂ ಕೇಳುವುದಿದ್ದರೆ ತಕ್ಷಣ ಕೇಳುವುದಿಲ್ಲ. ತುಟಿ ಕಚ್ಚಿಕೊಂಡು ಒಳಗೇ ಇಟ್ಟುಕೊಂಡು ತಿರುಗುತ್ತಾಳೆ, ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಹುಡುಕುವ ಹಾಗೆ. ಬಾಲವಾಡಿಗೆ ಹೋಗುವಾಗ 'ಗೂರ್ಖಾ ಅಂದ್ರ ಏನು' ಎಂಬುದನ್ನು ಎಷ್ಟೋ ದಿನ ಹೀಗೆ ಕಚ್ಚಿಕೊಂಡಿದ್ದಳು. ಕೊನೆಗೆ ತಲೆಗೆ ಎಣ್ಣೆ ಹಚ್ಚುವಾಗ ತಾಯಿಯ ಮೊಣಕಾಲಿನ ನಡುವೆ ಕೂತು ಅದನ್ನು ಬಿಟ್ಟಿದ್ದಳು. ಅವಳಾಗಿ ಕೇಳುವ ತನಕ ಕಾಯಬೇಕು. ಒತ್ತಾಯ ಮಾಡಿದರೆ ನುಂಗಿಬಿಡುತ್ತಾಳೆ.

ಪವಿತ್ರಾ ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಕನ್ನಡದಲ್ಲಿ ಬರುತ್ತಿದ್ದದ್ದು ಮೂರೇ ಮಾತು: ಹೌದ್ರಿ, ಇಲ್ರಿ, ಗೊತ್ತಿಲ್ರಿ. ಆ ಮೂರರಲ್ಲೇ ಹಾಲಿನವನ ಜೊತೆ, ಕಾಯಿಪಲ್ಲೆಯವಳ ಜೊತೆ, ಗೊಲ್ಲಾಳಮ್ಮನ ಜೊತೆ ವ್ಯವಹಾರ ತೂಗಿಸುತ್ತಿದ್ದಳು. ಡಂಬರ ಅದಕ್ಕೂ ಮೊದಲೇ ತನ್ನ ಚಿಕ್ಕಪ್ಪನ ಜೊತೆ ಬಂದು ಬಜಾರಿನ ರಾತ್ರಿ ಕಾವಲಿಗೆ ನಿಂತಿದ್ದ. ಸೀಟಿ ಊದಿ, ಲಾಠಿ ಕುಟ್ಟಿ, ಅಂಗಡಿಗಳ ಬೀಗ ಎಳೆದು ನೋಡಿ, ತಿಂಗಳಿಗೊಮ್ಮೆ ಅಂಗಡಿಯವರಿಂದ ಕಾವಲಿನ ಹಣ ಎತ್ತುವ ಕೆಲಸ. ಊರಿಗೆಲ್ಲ ಅವನು ಗೂರ್ಖಾ, ಅವಳು ಗೂರ್ಖಾನ ಹೆಂಡತಿ.

ಆ ಮೊದಲ ವರ್ಷದ ಶ್ರಾವಣ. ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನು ಕರೆಯಲು ಅಣ್ಣತಮ್ಮಂದಿರು ಬರತೊಡಗಿದರು. ಕೊಂಕಲ್ಲಿನಿಂದ ಒಬ್ಬ, ಶಿರವಾಳದಿಂದ ಒಬ್ಬ. ಬಂದವನಿಗೆ ನೀರು ಕೊಟ್ಟು, ಚಹಾ ಕೊಟ್ಟು, ಚೀಲ ತುಂಬಿಕೊಂಡು ಹೆಣ್ಣುಮಕ್ಕಳು ನಗುನಗುತ್ತ ಹೊರಟುಹೋದರು. ಓಣಿ ಖಾಲಿಯಾಯಿತು. ಬಸುರಿ ಪವಿತ್ರಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡಿದಳು. ಯಾರೂ ಬಿಡಿಸಿ ಹೇಳದಿದ್ದರೂ ಅವಳಿಗೆ ಎಲ್ಲ ಅರ್ಥವಾಗಿತ್ತು. ಅವಳ ಸೀಮೆಯಲ್ಲೂ ಇಂಥದೇ ಹಬ್ಬವಿದೆ. ಇಲ್ಲಿಯ ಪಂಚಮಿ ಮುಗಿದು ಕೆಲವು ದಿನಕ್ಕೆ ಬರುವ ಇನ್ನೊಂದು ಪಂಚಮಿಯಂದು ತಾಮ್ರದ ಪಾತ್ರೆಯಲ್ಲಿ ಐದು ತರದ ಕಾಳು ನೆನೆಹಾಕುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು ಮೈತಿಗೆ ಬರುತ್ತಾರೆ. ಗೌರಿಯನ್ನು ಕೂರಿಸಿ, ಕೈಕೈ ಹಿಡಿದು ಸುತ್ತುತ್ತ ಹಾಡುತ್ತಾರೆ. ಮೈತಿ ಅಂದರೆ ತವರು. ಊರು ಬೇರೆ, ಮಾತು ಬೇರೆ. ಬಾಗಿಲಲ್ಲಿ ನಿಂತು ದಾರಿ ನೋಡುವುದು ಮಾತ್ರ ಎರಡೂ ಕಡೆ ಒಂದೇ.

ಅಷ್ಟರಲ್ಲಿ ತಿಂಥಣಿಯಿಂದ ಮರಿಲಿಂಗ ಬಂದ. ಅವನು ಗೊಲ್ಲಾಳಮ್ಮನ ಅಣ್ಣನ ಮಗ. ಕೃಷ್ಣಾ ಹೊಳೆಯಲ್ಲಿ ಮೀನು ಹಿಡಿದು ಸುರಪುರದ ಸಂತೆಗೆ ತರುವವನು. ಸೋದರತ್ತೆಯನ್ನು ಹಬ್ಬಕ್ಕೆ ಕರೆದೊಯ್ಯಲು ಟಂಟಂ ಆಟೋ ಮಾಡಿಕೊಂಡು ಬಂದಿದ್ದ.

"ಅಕಿ ಯಾಕ ಹಂಗ ನಿಂತಾಳ ಅತ್ತಿ?"

"ಗೂರ್ಖಾನ ಹೆಣ್ತಿ. ಅಕಿ ತವರು ಗುಡ್ಡದಾಚಿ ಗುಡ್ಡದಾಗ ಅದ. ಯಾರು ಬರ್ತಾರ ಪಾಪ."

ಮರಿಲಿಂಗ ತಲೆ ಕೆರೆದುಕೊಂಡ. ಆಮೇಲೆ ಪವಿತ್ರಾಳ ಮುಂದೆ ಬಂದು ನಿಂತು, "ಟಂಟಂನ್ಯಾಗ ಜಾಗ ಅದ. ನಡಿ ತಂಗಿ. ನೀ ಗುಡ್ಡದಾಕಿ, ನಾ ಹೊಳಿಯಾಂವ. ನಿಮ್ಮ ಗುಡ್ಡದ ನೀರ ಅಲ್ಲೇನ್ ಹರಕೊಂಡು ನಮ್ಮ ಹೊಳಿಗಿ ಬರೋದು" ಎಂದ.

ನೇಪಾಳದ ನೀರು ಕೃಷ್ಣೆಗೆ ಬರುವುದಿಲ್ಲವೆಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮಗಳು ಶಾಲೆಯ ನಕಾಶೆ ಬಿಡಿಸಿ ತೋರಿಸಿದಾಗ. ಮರಿಲಿಂಗನಿಗೆ ಅದನ್ನು ಯಾರೂ ಹೇಳಲಿಲ್ಲ. ಅವತ್ತು ಅವನ ಮಾತಿನಲ್ಲಿ ಅವಳಿಗೆ ತಿಳಿದದ್ದು ಓಣಿಯಲ್ಲಿ ಕೇಳಿ ಗೊತ್ತಿದ್ದ ತಂಗಿ ಎಂಬ ಒಂದೇ ಶಬ್ದ. ತನಗೆ ಬರುತ್ತಿದ್ದ ಮೂರು ಮಾತಿನಲ್ಲಿ ಒಂದನ್ನು ಆರಿಸಿದಳು. "ಹೌದ್ರಿ."

ಅಲ್ಲಿಂದ ಮುಂದೆ ಅವನು ತಪ್ಪಿಸಿದ ಪಂಚಮಿಯೇ ಇಲ್ಲ. ಹೆರಿಗೆಗೆ ಮುಂಚೆ ಅವನ ತಾಯಿ ದೇವಕಮ್ಮ ಮೌನೇಶ್ವರನಿಗೆ ಹರಕೆ ಹೊತ್ತಳು. ಅದಕ್ಕೇ ಕೂಸಿಗೆ ಮೌನಿಕಾ ಎಂದು ಹೆಸರು. ಜವಳ ತೆಗೆಸುವಾಗ ಮೊದಲ ಕೂದಲಿಗೆ ಸೋದರಮಾವನೇ ಕತ್ತರಿ ಹಾಕಬೇಕು. ಮಾವ ಎಲ್ಲಿ ಎಂದು ಕ್ಷೌರಿಕ ಕೇಳಿದಾಗ ಮರಿಲಿಂಗ ಎಲೆ ಅಡಿಕೆ ಉಗುಳಿ ಬಂದು, ಮೀನಿನ ವಾಸನೆಯ ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡಿದ್ದ. ಗೊಲ್ಲಾಳಮ್ಮ ಮೊಣಕಾಲು ನೋವಿನಿಂದ ತವರಿಗೆ ಹೋಗುವುದನ್ನು ಬಿಟ್ಟ ಮೇಲೂ ಅವನು ಬರುತ್ತಿದ್ದ, ಪವಿತ್ರಾಳೊಬ್ಬಳಿಗಾಗಿ, ಕುಪ್ಪಸದ ಖಣ ತೆಗೆದುಕೊಂಡು.

ಮಧ್ಯಾಹ್ನ ಡಂಬರ ಎದ್ದು ಊಟಕ್ಕೆ ಕೂತ. ಗಂಡ ಹೆಂಡತಿ ತಮ್ಮೊಳಗೆ ನೇಪಾಳಿಯಲ್ಲೇ ಮಾತಾಡುತ್ತಾರೆ. ಮೌನಿಕಾಳಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ.

"ನನ್ನನ್ನು ಕೇಳದೆ ಒಪ್ಪಿಬಿಟ್ಟೆಯಲ್ಲ" ಎಂದಳು ಪವಿತ್ರಾ.

"ಕೇಳಿದ್ದರೆ ನೀನು ಅಳುತ್ತಿದ್ದೆ. ಆಮಾ ಬೇಕು ಅಂತಲೂ ಅಳುತ್ತಿದ್ದೆ, ಮಗಳು ಬೇಕು ಅಂತಲೂ ಅಳುತ್ತಿದ್ದೆ." ಅವನು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. ಅವನ ದನಿಯಲ್ಲಿ ಬಿರುಸು ಇರಲಿಲ್ಲ. "ನೋಡು, ನಾನು ಇಡೀ ಬಜಾರಿನ ಬಾಗಿಲು ಕಾಯುತ್ತೇನೆ. ಯಾವ ಬಾಗಿಲಿನ ಕೀಲು ಸಡಿಲಾಗಿದೆ ಅನ್ನುವುದೂ ನನಗೆ ಗೊತ್ತು. ಅದರಲ್ಲಿ ಒಂದೂ ನನ್ನದಲ್ಲ. ಇವಳು ಹಾಗೆ ಆಗಬಾರದು. ಇಲ್ಲಿ ಹುಟ್ಟಿದಳು ನಿಜ, ಅಪ್ಪ ಅವ್ವ ಇಬ್ಬರೂ ಆಚೆಯವರು. ನಾಳೆ ನೌಕರಿಗೆ ನಿಂತಾಗ ನೀನು ಯಾವ ದೇಶದವಳು ಅಂತ ಕೇಳುತ್ತಾರೆ. ಹೇಳಲಿಕ್ಕೆ ಒಂದು ದೇಶವಾದರೂ ಇರಲಿ."

ಪವಿತ್ರಾಳಿಗೆ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಪಂಚಮಿ ಮುಗಿದ ವಾರಕ್ಕೆ ಯಾದಗಿರಿಯಿಂದ ದಿಲ್ಲಿ ರೈಲು. ದಿಲ್ಲಿಯಿಂದ ಬಸ್ಸಿನಲ್ಲಿ ಬನಬಸಾ. ಅಲ್ಲಿ ಸೇತುವೆ ದಾಟಿದರೆ ಆ ಕಡೆ ಅವರ ನೆಲ. ಟಿಕೇಟೂ ತೆಗೆಸಿದ್ದ. ಹೋಗುವಾಗ ಇಬ್ಬರು, ಬರುವಾಗ ಒಬ್ಬಳು.

"ಪಪ್ಪಾ, ಅಲ್ಲಿ ಕನ್ನಡ ಸಬ್ಜೆಕ್ಟ್ ಇರ್ತದೇನು?" ಎಂದಳು ಮೌನಿಕಾ, ತಟ್ಟೆ ಎತ್ತುತ್ತ. "ನನಗ ಅದರಾಗ ಮಾರ್ಕ್ಸ್ ಛಲೋ ಬರ್ತಾವ."

ಡಂಬರ ನಕ್ಕ. ಹುಡುಗಿಯೂ ನಕ್ಕಳು. ಅವಳು ಕೇಳಬೇಕಾದದ್ದು ಇದಲ್ಲ ಎಂಬುದು ಪವಿತ್ರಾಳಿಗೆ ಗೊತ್ತಿತ್ತು. ತುಟಿ ಇನ್ನೂ ಹಲ್ಲಿನ ಕೆಳಗೇ ಇತ್ತು.

ಕಾಲೇಜಿಗೆ ಸೇರಿದ ಹೊಸದರಲ್ಲಿ ಒಂದು ಸಂಜೆ ಅವಳ ಗೆಳತಿ ನಂದಿನಿ ಮನೆಗೆ ಬಂದು ನಕ್ಕು ನಕ್ಕು ಹೇಳಿದ್ದು ಪವಿತ್ರಾಳಿಗೆ ಈಗ ನೆನಪಾಯಿತು. ಹೊಸ ಮೇಷ್ಟ್ರೊಬ್ಬರು ಮೌನಿಕಾಳನ್ನು ಎಬ್ಬಿಸಿ, ನೀ ಎಲ್ಲಿಂದ ಬಂದೀಯವ್ವ ಎಂದು ಕೇಳಿದರಂತೆ. ಗುಡ್ಡದ ಓಣಿಯಿಂದ್ರಿ ಸರ್ ಎಂದಳಂತೆ. ಅದಲ್ಲ, ಅದಕ್ಕಿಂತ ಮೊದಲು ಎಂದರಂತೆ.

"ಅದಕ್ಕ ಇಕಿ ಏನಂದಾಳ ಗೊತ್ತೇನ್ರಿ ಆಂಟಿ? ಅದಕ್ಕಿಂತ ಮೊದಲು ಸರಕಾರಿ ದವಾಖಾನಿಯಿಂದ್ರಿ ಸರ್, ಅಂದ್ಲು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕದ."

ಮೌನಿಕಾಳೂ ಅವತ್ತು ನಕ್ಕಿದ್ದಳು. ನಂದಿನಿ ಹೋದ ಮೇಲೆ ಬಚ್ಚಲಲ್ಲಿ ಕೂತು ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಪವಿತ್ರಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಗೂಡಿಗೆ ಇಟ್ಟಿದ್ದಳು. ಅಷ್ಟೇ.

ಪಂಚಮಿಯ ಸಾಲಿನ ಮೊದಲ ದಿನ, ರೊಟ್ಟಿ ಹಬ್ಬ, ಬಂತು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದು, ಸೇಂಗಾ ಉಂಡಿ ಕಟ್ಟಿ, ಜೋಳದ ಅಳ್ಳು ಹುರಿದು ಪವಿತ್ರಾ ಬೆಳಿಗ್ಗೆಯೇ ಕೆಲಸ ಮುಗಿಸಿದ್ದಳು. ಅಳ್ಳು ಹುರಿಯುವುದನ್ನು ಅವಳಿಗೆ ಕಲಿಸಿದವಳು ದೇವಕಮ್ಮ. ಮರಿಲಿಂಗ ಬರುವುದು ಯಾವಾಗಲೂ ಈ ದಿನವೇ, ಬಿಸಿಲು ಏರುವ ಹೊತ್ತಿಗೆ. ತಂಬಿಗೆಯಲ್ಲಿ ನೀರು ತುಂಬಿ ಬಾಗಿಲ ಮಗ್ಗುಲಿಗೆ ಇಟ್ಟಳು. ಚಹಾಕ್ಕೆ ಹಾಲು ತೆಗೆದಿಟ್ಟಳು. ಒಗೆದ ಬಟ್ಟೆ ಒಣಹಾಕುವ ನೆಪದಲ್ಲಿ ಅಂಗಳಕ್ಕೆ ಬಂದು ಓಣಿಯ ತುದಿ ನೋಡಿದಳು. ಕಸ ಹಾಕುವ ನೆಪದಲ್ಲಿ ಮತ್ತೊಮ್ಮೆ ನೋಡಿದಳು.

ಹೊತ್ತು ಏರಿತು, ಇಳಿಯಿತು. ಟಂಟಂಗಳು ಬಂದವು, ಹೋದವು. ಅವನು ಬರಲಿಲ್ಲ.

"ಯಾರ ದಾರಿ ನೋಡಾಕತ್ತೀ?" ಎಂದಳು ಗೊಲ್ಲಾಳಮ್ಮ.

"ಯಾರದೂ ಇಲ್ರಿ."

"ನನಗ ಹೇಳ್ತೀಯಾ. ಅಂವ ಬರಾಂಗಿಲ್ಲ ಬಿಡು ಈ ಸಲ. ನಿನ್ನ ಅಣ್ಣ ಕರದಾನಂತ ನಾನ ಅವಂಗ ಫೋನಿನ್ಯಾಗ ಹೇಳೀನಿ. ಒಂದ ಹಬ್ಬಕ್ಕ ಎರಡು ತವರು ಕರಿಬಾರದವ್ವ. ಒಡಹುಟ್ಟಿದಾಂವ ಕರದಾಗ ಇನ್ನೊಬ್ಬಾಂವ ಬಂದು ಹೊಸ್ತಿಲಕ್ಕ ನಿಂತ್ರ ಅವನ ಮರ್ಯಾದಿ ಕಳದಂಗ ಆಗ್ತದ. ಮರಿಲಿಂಗಗ ಅಷ್ಟು ತಿಳೀತದ."

ಪವಿತ್ರಾ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನೀರನ್ನು ಚೆಲ್ಲಲೂ ಮನಸ್ಸಾಗಲಿಲ್ಲ, ಕುಡಿಯಲೂ ಮನಸ್ಸಾಗಲಿಲ್ಲ. ಇಷ್ಟು ವರ್ಷ ಪಂಚಮಿ ಬಂದಾಗಲೆಲ್ಲ, ತಿಂಥಣಿಯ ಟಂಟಂನಲ್ಲಿ ಕೂತಾಗಲೂ, ಅವಳ ಮನಸ್ಸಿನ ಒಂದು ಮೂಲೆ ಅಛಾಮಿನ ಗುಡ್ಡದ ದಾರಿಯನ್ನೇ ನೋಡುತ್ತಿತ್ತು. ಕರ್ಣ ಒಮ್ಮೆ ಕರೆಯಬಾರದೇ ಎಂದು. ಈಗ ಕರ್ಣ ಕರೆದಿದ್ದಾನೆ, ಅವಳು ಬಾಗಿಲಲ್ಲಿ ನಿಂತು ತಿಂಥಣಿಯ ದಾರಿ ನೋಡುತ್ತಿದ್ದಾಳೆ. ಒಂದು ಕಡೆ ನೀರಡಿಕೆ ಆರಿದರೆ ಇನ್ನೊಂದು ಕಡೆ ಗಂಟಲು ಒಣಗುವ ಇದೆಂಥ ಬಾಳು ಅನ್ನಿಸಿತು. ತಿರುಗಿ ನೋಡಿದರೆ ಮೌನಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ತಾಯಿ ಕಣ್ಣೊರೆಸಿಕೊಂಡದ್ದನ್ನು ಕಂಡೂ ಕಾಣದ ಹಾಗೆ ಉಂಡಿಯ ಡಬ್ಬಿ ಮುಚ್ಚಿದಳು.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಗುಡ್ಡದ ಬುಡದ ಹುತ್ತಕ್ಕೆ ಹಾಲೆರೆಯಲು ಹೋದರು. ಗೊಲ್ಲಾಳಮ್ಮನೂ ಕೋಲೂರಿಕೊಂಡು ಬಂದಳು. ಕೊಬ್ಬರಿ ಬಟ್ಟಲಿನಲ್ಲಿ ಹಾಲು ಮೊಗೆದು, ಮನೆಯ ಒಬ್ಬೊಬ್ಬರ ಹೆಸರು ಹೇಳಿ ಎರೆಯುವುದು ಇಲ್ಲಿಯ ಪದ್ಧತಿ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಸಾಗುತ್ತದೆ. ಗಂಡನ ಮನೆಯವರದು ಮೊದಲು, ಕಡೆಯದು ತವರಿನ ಪಾಲು.

ಪವಿತ್ರಾ ಪ್ರತಿ ವರ್ಷ ತನ್ನ ತವರಿನ ಹೆಸರುಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಈ ಸಲ ಗೊಲ್ಲಾಳಮ್ಮ ಬಿಡಲಿಲ್ಲ. "ಈ ಸಲ ಕರಿ ಬಂದಾದ, ಬಾಯಿ ಬಿಟ್ಟು ಹೇಳು. ನಾಗಪ್ಪಗ ನಿನ್ನ ಮುಲ್ಕದ ಮಾತೂ ತಿಳೀತದ."

ಪವಿತ್ರಾ ಬಾಯಿ ಬಿಟ್ಟು ಹೇಳಿದಳು. ತೀರಿಹೋದ ತಂದೆಯ ಪಾಲು. ಆಮಾನ ಪಾಲು. ಕರ್ಣನ ಪಾಲು. ಬಟ್ಟಲಲ್ಲಿ ಇನ್ನೂ ಸ್ವಲ್ಪ ಹಾಲಿತ್ತು. ಅದು ಪ್ರತಿ ವರ್ಷ ಮರಿಲಿಂಗನದು. ಕೈ ನಿಂತಿತು. ಬರಬಾರದೆಂದು ತಿಳಿದು ದೂರ ನಿಂತವನ ಪಾಲನ್ನು ಎರೆಯಬಹುದೋ ಬಾರದೋ ಅವಳಿಗೆ ತಿಳಿಯಲಿಲ್ಲ. ಹಿಂದಿನವರು ಕಾಯುತ್ತಿದ್ದರು. ಬಟ್ಟಲನ್ನು ಹಾಗೇ ಹಿಡಿದುಕೊಂಡು ಪಕ್ಕಕ್ಕೆ ಸರಿದಳು.

ಮೌನಿಕಾಳ ಸರದಿ. ಲಗ್ನವಾಗದ ಹುಡುಗಿಗೆ ಗಂಡನ ಮನೆಯ ಪಾಲಿಲ್ಲ, ಬೇಗ ಮುಗಿಯುತ್ತದೆ. ಪಪ್ಪನ ಪಾಲು, ಅವ್ವನ ಪಾಲು ಎಂದಳು.

"ಸೋದರಮಾವನ ಪಾಲು ಹಾಕು" ಎಂದಳು ಸಾಲಿನಲ್ಲಿದ್ದ ಸಾಯಬಮ್ಮ. ಅವಳದು ಎದುರು ಮನೆ. "ಅದಕ್ಕೂ ಮೊದಲ ನಿನ್ನ ಮಾಮಾ ಯಾರಂತ ಹೇಳು. ನೇಪಾಳದಾಂವೋ, ಹೊಳಿಯಾಂವೋ?" ಕೆಲವರು ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಹಬ್ಬದ ದಿನದ ಚೇಷ್ಟೆ.

"ಮರಿಲಿಂಗ ಮಾಮಾನ ಪಾಲು" ಎಂದಳು ಮೌನಿಕಾ ತಡವರಿಸದೆ. ಹಾಲು ಹುತ್ತದ ಮಣ್ಣಿನಲ್ಲಿ ಇಂಗುವ ತನಕ ನೋಡಿದಳು. ಮತ್ತೆ ಮೊಗೆದಳು. "ಕರ್ಣ ಮಾಮಾನ ಪಾಲು." ಇನ್ನೊಮ್ಮೆ ಮೊಗೆದಳು. "ಆಮಾನ ಪಾಲು. ಕಣ್ಣಿಂದು."

ಪವಿತ್ರಾ ತಲೆ ತಗ್ಗಿಸಿದಳು. ಅವಳ ತಾಯಿಯನ್ನು ಈ ಹುಡುಗಿ ಫೋನಿನ ಗಾಜಿನಲ್ಲಿ ಬಿಟ್ಟರೆ ಬೇರೆ ಎಲ್ಲೂ ಕಂಡಿರಲಿಲ್ಲ. ಆ ಅಜ್ಜಿ ಇವಳ ಮಾತು ಕೇಳಿ, ಏನು ಹೇಳುತ್ತಾಳೆ ಇವಳು, ಹಕ್ಕಿಯ ಭಾಷೆಯೋ ಎಂದು ನಗುತ್ತಿದ್ದಳು.

ಮೌನಿಕಾ ಎದ್ದಳು. ಅವಳ ಬಟ್ಟಲ ತಳದಲ್ಲಿ ಹಾಲು ಉಳಿದಿತ್ತು.

"ಅದು ಯಾರದು?" ಎಂದಳು ಗೊಲ್ಲಾಳಮ್ಮ.

"ನಂದು ಆಯಿ. ನನ್ನ ಪಾಲು ನಾನ ಹಾಕಬಹುದೇನ್ರಿ?"

"ಹುಚ್ಚಿ. ಹೆಣ್ಣುಮಗಳ ಪಾಲು ಅಕಿ ತವರಿನವರು ಹಾಕ್ಬೇಕು. ಈಗ ನಿಮ್ಮವ್ವ ಹಾಕ್ಯಾಳ. ಮುಂದ ಲಗ್ನ ಆಗಿ ಹೋದ ಮ್ಯಾಲೂ ನಿಮ್ಮವ್ವನ ಹಾಕ್ಬೇಕು, ಇಲ್ಲಿ ನಿಂತು."

ಇಲ್ಲಿ ನಿಂತು. ಮುದುಕಿ ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಲ್ಲ. ಆದರೆ ಮೌನಿಕಾಳ ತುಟಿ ಮತ್ತೆ ಹಲ್ಲಿನ ಕೆಳಗೆ ಹೋಯಿತು, ಈ ಸಲ ಬಿಳಿಚಿಕೊಳ್ಳುವಷ್ಟು. ಪವಿತ್ರಾ ತನ್ನ ಬಟ್ಟಲನ್ನೂ ಮಗಳ ಬಟ್ಟಲನ್ನೂ ಹಾಲು ಚೆಲ್ಲದ ಹಾಗೆ ಸೆರಗಿನ ಕೆಳಗೆ ಹಿಡಿದುಕೊಂಡು ಮನೆಗೆ ನಡೆದಳು. ಮನೆಗೆ ಬಂದವಳೇ ಅಳ್ಳು, ಉಂಡಿ, ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದಳು.

"ಎಲ್ಲಿಗಿ?" ಎಂದಳು ಗೊಲ್ಲಾಳಮ್ಮ.

"ತಿಂಥಣಿಗ್ರಿ."

"ಕರೀದ ತವರಿಗಿ ಹೋಗ್ತಾರೇನು? ನಾಕು ಮಂದಿ ನಗ್ತಾರ."

"ಅದು ನಿಮ್ಮ ತವರಲ್ಲೇನ್ರಿ ಆಯಿ. ನೀವ ನಮ್ಮನ್ನ ಕಳಿಸಾಕತ್ತೀರಿ ಅನಕೋತೀನಿ."

ಮುದುಕಿ ಕೋಲೂರಿಕೊಂಡು ಎದ್ದಳು. ಆಮೇಲೆ ಒಳಗೆ ಹೋಗಿ ನಾಲ್ಕು ಉಂಡಿ ತಂದು ಗಂಟಿಗೆ ಸೇರಿಸಿದಳು. "ನಮ್ಮಣ್ಣನ ಹೆಣ್ತಿಗಿ ಹಲ್ಲಿಲ್ಲ, ಪುಡಿ ಮಾಡಿ ಕೊಡು."

ಖಾಜಾಹುಸೇನನ ಟಂಟಂ ಓಣಿಯ ತುದಿಯಲ್ಲೇ ನಿಂತಿತ್ತು. "ಏನ್ ಪವಿತ್ರಕ್ಕಾ, ನೇಪಾಳಕ್ಕ ಹೊಂಟೀರಂತ. ಅಲ್ಲೀ ತನಕ ನನ್ನ ಗಾಡಿ ಬರಾಂಗಿಲ್ಲ ನೋಡ್ರಿ ಮತ್ತ."

"ನಿಮ್ಮ ಗಾಡಿಗಿ ಹಾರನ್ ಒಂದ ಛಲೋ ಅದ ಮಾಮಾ, ತಿಂಥಣಿ ಮುಟ್ಟಿದ್ರ ಸಾಕು" ಎಂದಳು ಮೌನಿಕಾ. ಅವನು ನಕ್ಕು ಕಿಕ್ ಹೊಡೆದ. ಹತ್ತಿಯ ಹೊಲ, ಕಾಲುವೆ, ನಾಟಿ ಮಾಡಿದ ಭತ್ತದ ಗದ್ದೆಗಳು ಹಿಂದೆ ಸರಿದವು. ದಾರಿಯುದ್ದಕ್ಕೂ ಹುಡುಗಿ ಹೊರಗೆ ನೋಡುತ್ತ ಕೂತಿದ್ದಳು. ಪವಿತ್ರಾ ಅವಳನ್ನು ನೋಡುತ್ತ ಕೂತಿದ್ದಳು.

ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಾಗಿ ದಂಡೆಯ ತನಕ ಬಂದಿತ್ತು. ತೆಪ್ಪಗಳನ್ನು ದಡಕ್ಕೆ ಎಳೆದು ಬೋರಲು ಹಾಕಿದ್ದರು. ಮರಿಲಿಂಗ ಬೇವಿನ ಮರದ ಕೆಳಗೆ ಕೂತು ಬಲೆ ಹೆಣೆಯುತ್ತಿದ್ದ. ತಾಯಿ ಮಗಳು ಟಂಟಂನಿಂದ ಇಳಿದದ್ದನ್ನು ಕಂಡು ಎದ್ದ, ಎದ್ದವನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಬಲೆ ಎತ್ತಿಕೊಂಡ.

"ಬಂದ್ಯಾ" ಎಂದ.

"ಬಂದೆ. ನೀ ಬರ್ಲಿಲ್ಲಲ್ಲ, ಅದಕ್ಕ ನಾ ಬಂದೆ."

"ನಿನ್ನ ಖರೇ ಅಣ್ಣ ಕರದಾನಂತ ಕೇಳ್ದೆ. ನಾ ಬಂದು ಬಾಗಲದಾಗ ನಿಂತ್ರ ನೀ ಯಾರ ಕಡಿ ನೋಡ್ಬೇಕು? ಅದಕ್ಕ."

ಒಳಗಿನಿಂದ ದೇವಕಮ್ಮ ಗೋಡೆ ಹಿಡಿದುಕೊಂಡು ಬಂದಳು. "ಖರೇ ಅಣ್ಣ ಸುಳ್ಳು ಅಣ್ಣ ಅಂತ ಇರ್ತಾರೇನೋ ಮೂಳ? ಖಣ ತಂದು ಟ್ರಂಕಿನ್ಯಾಗ ಮುಚ್ಚಿಟ್ಟಾನ ನೋಡವ್ವ, ಇಲಿಗಿ ಉಡಿಸ್ತಾನೋ ಏನೋ." ಅವಳು ಪವಿತ್ರಾಳ ಗದ್ದ ಹಿಡಿದು, ಆಮೇಲೆ ಮೌನಿಕಾಳ ಗದ್ದ ಹಿಡಿದು ಬೆರಳಿಗೆ ಮುತ್ತು ಕೊಟ್ಟುಕೊಂಡಳು. "ಈ ಕೂಸಿನ್ನ ಅಲ್ಲೇ ಬಿಟ್ಟು ಬರ್ತೀಯಂತ, ಹೌದೇನ?"

ಪವಿತ್ರಾಳಿಗೆ ಈಗ ಕನ್ನಡದಲ್ಲಿ ಸಾವಿರ ಮಾತು ಬರುತ್ತವೆ. ಆದರೂ ಬಾಯಿಗೆ ಬಂದದ್ದು ಮೊದಲು ಕಲಿತ ಮೂರರಲ್ಲಿ ಒಂದೇ. "ಗೊತ್ತಿಲ್ರಿ."

ಮರಿಲಿಂಗ ಬಲೆ ಕೆಳಗಿಟ್ಟ. ಬೇವಿನ ಕೊಂಬೆಗೆ ಕಟ್ಟಿದ್ದ ಜೋಕಾಲಿಯ ಹಗ್ಗವನ್ನು ಜಗ್ಗಿ ನೋಡಿ, ಗಂಟು ಬಿಗಿ ಮಾಡಿ, "ಮಾನಿಕ್ಕಾ, ಬಾ ಕುಂಡ್ರು. ನೀ ಬರ್ಲಾರದಕ್ಕ ನಿನ್ನಿಯಿಂದ ಇದು ಖಾಲಿ ತೂಗಾಕತ್ತದ" ಎಂದು ಒಳಗೆ ಹೋದ. ಅವನು ಅವಳನ್ನು ಚಿಕ್ಕಂದಿನಿಂದ ಹಾಗೆಯೇ ಕರೆಯುವುದು.

ಮೌನಿಕಾ ಹಲಗೆಯ ಮೇಲೆ ಕೂತಳು. ಪವಿತ್ರಾ ಹಿಂದೆ ನಿಂತು ಮೆಲ್ಲಗೆ ತೂಗಿದಳು. ಮಗಳು ಮುಂದೆ ಹೋದಾಗ ಅವಳಾಚೆ ಕೆಂಪು ಹೊಳೆ ಕಾಣುತ್ತಿತ್ತು. ಹಿಂದೆ ಬಂದಾಗ ಎಣ್ಣೆ ಹಚ್ಚಿದ ಕಪ್ಪು ಜಡೆ, ಎಳೆಯ ಬೆನ್ನು ಅಂಗೈಗೆ ತಾಗುತ್ತಿತ್ತು. ಪವಿತ್ರಾಳ ಊರಿನಲ್ಲಿ ಜೋಕಾಲಿಯನ್ನು ದಶೈಂ ಹಬ್ಬಕ್ಕೆ ಬಿದಿರಿಗೆ ಕಟ್ಟುತ್ತಾರೆ. ಅಷ್ಟು ಎತ್ತರಕ್ಕೆ ಹೋದರೆ ನಾಲ್ಕು ಗುಡ್ಡದಾಚೆಯ ಹಿಮ ಕಾಣುತ್ತದೆ. ಆಮಾ ಹಿಂದೆ ನಿಂತು ಹೀಗೆಯೇ ತೂಗುತ್ತಿದ್ದಳು. ಆ ಕೈಗಳನ್ನು ಒಮ್ಮೆ ಹಿಡಿಯಬೇಕು. ಹೋಗಲೇಬೇಕು. ಈ ಬೆನ್ನನ್ನು ಅಲ್ಲಿ ಬಿಟ್ಟು ಹೇಗೆ ಬರುವುದು? ಬಿಡದಿದ್ದರೆ ಇಲ್ಲಿ ಯಾವ ಬಾಗಿಲು ಇವಳದು?

ಜೋಕಾಲಿ ಹಿಂದೆ ಬಂತು. ಮೌನಿಕಾ ಕಾಲನ್ನು ನೆಲಕ್ಕೆ ಊರಿ ನಿಲ್ಲಿಸಿದಳು. ಇಳಿಯಲಿಲ್ಲ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಹೊಳೆಯ ಕಡೆ ಮುಖ ಮಾಡಿಕೊಂಡೇ ಕೂತಿದ್ದಳು. ಅವಳ ತುಟಿ ತಾಯಿಗೆ ಕಾಣುತ್ತಿರಲಿಲ್ಲ. ಆದರೆ ಹೊತ್ತು ಬಂತೆಂದು ಪವಿತ್ರಾಳಿಗೆ ತಿಳಿಯಿತು. ತೂಗುವ ಕೈಯನ್ನು ಮಗಳ ಬೆನ್ನ ಮೇಲೆ ಹಾಗೇ ಇಟ್ಟುಕೊಂಡು ಸುಮ್ಮನೆ ನಿಂತಳು. ಒಳಗೆ ದೇವಕಮ್ಮ ಮಗನನ್ನು ಇನ್ನೂ ಬೈಯುತ್ತಿದ್ದಳು, ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು.

"ಯವ್ವಾ" ಎಂದಳು ಮೌನಿಕಾ. "ನಿನಗ ಅಲ್ಲೂ ಒಂದು ತವರು ಅದ, ಇಲ್ಲೂ ಒಂದು ಅದ. ನೀ ನನ್ನ ಅಲ್ಲಿ ಬಿಟ್ಟು ಬಂದ್ರ, ಮುಂದ ನನ್ನ ಲಗ್ನ ಆದ ಮ್ಯಾಲ ಪಂಚಮಿ ಬಂತಂದ್ರ, ನಾ ಬಾಗಲದಾಗ ನಿಂತು ಯಾವ ಊರಿನ ದಾರಿ ನೋಡ್ಲಿ?"